ಮೊರ್ಜಿನಾಳ ಕನ್ನಡ

"ಏ ಸಾಬ್ರಮ್ಮ, ದೂರ ನಿಂತ್ಕೋ. ಮೈಯೆಲ್ಲಾ ಕಸದ ವಾಸ್ನೆ. ಈಗ್ ತಾನೇ ಟಿಫನ್ ಮಾಡಿದೀನಿ, ವಾಂತಿ ಮಾಡಿಸ್ಬೇಡ," ಅಂದ ಸ್ಟೇಷನ್ನಿನ ರೈಟರ್, ಬೆರಳಿಗೆ ಅಂಟಿದ್ದ ಚಟ್ನಿಯನ್ನು ಪೇಪರಿಗೆ ಒರೆಸುತ್ತಾ.

ದೂರ ನಿಂತೆ. ವಾಸನೆ ಇರೋದು ಸುಳ್ಳಲ್ಲ. ಆದರೆ ಅದು ನನ್ನದಲ್ಲ, ಊರಿನದು. ಹಾಲಿನ ಕವರು ತೊಳೆಯದೆ ಬಿಸಾಕೋರು ನೀವು. ಬಿರಿಯಾನಿ ಡಬ್ಬಿಯಲ್ಲಿ ಮೂಳೆ ಬಿಟ್ಟು ಮುಚ್ಚಿ ಕಟ್ಟೋರು ನೀವು. ಮಗುವಿನ ಡೈಪರನ್ನು ಹಳೇ ಪುಸ್ತಕದ ಜೊತೆ ಸೇರಿಸೋರೂ ನೀವೇ. ಬೆಳಗಿಂದ ಸಂಜೆವರೆಗೆ ಅದರೊಳಗೆ ಕೈ ಹಾಕಿ ಬೇರೆ ಮಾಡೋರು ನಾವು. ವಾಸನೆ ಮಾತ್ರ ಪೂರ್ತಿ ನಮ್ಮ ಹೆಸರಿಗೆ.

ನನ್ನ ಹೆಸರು ಉಮ್ಮೆ ಕುಲ್ಸುಂ. ಮನೆ ಶಿವಾಜಿನಗರ, ಕೆಲಸ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆ ಹಿಂದಿನ ಒಣ ಕಸದ ಶೆಡ್ಡಿನಲ್ಲಿ. ನನ್ನ ಎಡಕ್ಕೆ ಕೂತು ಬಾಟ್ಲಿ ಆರಿಸೋಳು ಮರ್ಫಿ ಟೌನಿನ ಪುಷ್ಪಮೇರಿ, ಬಲಕ್ಕೆ ಕೂತು ರಟ್ಟು ಕಟ್ಟೋಳು ಮೊರ್ಜಿನಾ ಬೀಬಿ. ಆವತ್ತು ಬಲಗಡೆ ಖಾಲಿ ಇತ್ತು. ಕೆ.ಆರ್. ಪುರದ ಕಡೆ ಇರೋ ಬಂಗಾಲಿಗಳ ಟಾರ್ಪಲ್ ಗುಡಿಸಲುಗಳಿಗೆ ಬೆಳಕು ಹರಿಯೋ ಹೊತ್ತಿಗೇ ಪೊಲೀಸರು ನುಗ್ಗಿ, ಹೆಂಗಸರನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಹೋಗಿದ್ದರು. ಸುದ್ದಿ ಕೇಳಿ ನಾನೂ ಪುಷ್ಪಮೇರಿಯೂ ಏಪ್ರನ್ನು ಕೂಡ ಬಿಚ್ಚದೆ ಸ್ಟೇಷನ್ನಿಗೆ ಓಡಿ ಬಂದಿದ್ದೆವು.

"ಮೊರ್ಜಿನಾ ಅಂತ ಸಾರ್. ನಮ್ ಜೊತೆ ಕೆಲ್ಸ ಮಾಡ್ತಾಳೆ. ಅವ್ಳನ್ನ ಯಾಕ್ ಹಿಡ್ದಿದೀರಾ?" ಅಂದೆ.

"ಹಿಡಿಯೋದೇನಮ್ಮ, ಅವ್ಳೇ ಬಾಂಗ್ಲಾದೇಶದೋಳು ಅಂತ ಒಪ್ಕೊಂಡವ್ಳೆ."

"ಆಧಾರ್ ಇದೆ ಸಾರ್. ವೋಟರ್ ಕಾರ್ಡ್ ಇದೆ."

"ಅವೆಲ್ಲ ಎಲ್ ಬೇಕಾದ್ರೂ ಸಿಗ್ತವೆ. ಬಾಯಿಂದ ಬಂದಿದ್ದು ಮುಖ್ಯ." ಆಮೇಲೆ ನನ್ನ ತಲೆಯಿಂದ ಕಾಲಿನವರೆಗೆ ನೋಡಿದ. "ನಿನ್ನೂರು ಯಾವ್ದು?"

"ಶಿವಾಜಿನಗರ."

"ಅದಕ್ ಮುಂಚೆ?"

"ಶಿವಾಜಿನಗರ."

"ನಿಮ್ಮಪ್ಪಂದು?"

"ಶಿವಾಜಿನಗರ ಸಾರ್. ಅವ್ರಪ್ಪ ಬ್ರಿಟಿಷರ ಕುದ್ರೆಗೆ ಲಾಳ ಹೊಡೀತಿದ್ರು. ಅದಕ್ ಮುಂಚೆ ಬೇಕಾದ್ರೆ ಕುದ್ರೇನೇ ಕೇಳ್ಬೇಕು."

ಪುಷ್ಪಮೇರಿ ನನ್ನ ಸೊಂಟಕ್ಕೆ ಚಿವುಟಿದಳು. ರೈಟರಿಗೆ ಯಾಕೋ ನಗು ಬಂತು. ಆ ನಗುವಿನ ಉಡುಗೊರೆಯಾಗಿ ಮೊರ್ಜಿನಾಳ ಹೇಳಿಕೆಯನ್ನು ನಮಗೆ ಜೋರಾಗಿ ಓದಿ ಹೇಳಿದ. ಅವನ ಅಕ್ಷರ ಅವನಿಗೇ ಬಹಳ ಇಷ್ಟ ಅನ್ನೋದು ಓದೋ ರೀತಿಯಲ್ಲೇ ಗೊತ್ತಾಗುತ್ತಿತ್ತು.

ನಿನ್ನ ದೇಶ ಯಾವುದು? ಬಾಂಗ್ಲಾ. ದೇಶದಲ್ಲಿ ಯಾರಿದ್ದಾರೆ? ಅಮ್ಮ ಇದ್ದಾರೆ, ಮಗಳು ಇದ್ದಾಳೆ. ದೇಶಕ್ಕೆ ಕೊನೆಯ ಸಲ ಯಾವಾಗ ಹೋಗಿದ್ದೆ? ಹೋದ ಈದ್‌ಗೆ. ಹೇಗೆ ಹೋದೆ? ರೈಲು, ಬಸ್ಸು, ಆಮೇಲೆ ದೋಣಿಯಲ್ಲಿ ನದಿ ದಾಟಿದೆ. ಯಾರೂ ತಡೆಯಲಿಲ್ಲವೇ? ಯಾರು ತಡೀತಾರೆ ಸಾರ್, ನಮ್ಮ ಕಡೆ ಎಲ್ಲರೂ ಹಾಗೇ ದಾಟ್ತಾರೆ.

ಅಯ್ಯೋ ಅಲ್ಲಾ, ಅಂದುಕೊಂಡೆ. ಇವಳು ಎಷ್ಟು ಖುಷಿಯಾಗಿ ಹೇಳಿರಬೇಕು ಅನ್ನೋದು ಕಣ್ಣಿಗೆ ಕಟ್ಟಿತು. ಊರಿನ ಮಾತು ಬಂದರೆ ಅವಳಿಗೆ ಬ್ರೇಕೇ ಇಲ್ಲ.

ವಿಷಯ ಇಷ್ಟೇ. ಬಂಗಾಲಿಗಳು ಊರಿಗೆ ದೇಶ ಅಂತಾರೆ. ನಾವು ಹಬ್ಬಕ್ಕೆ ಊರಿಗೆ ಹೋಗ್ತೀನಿ ಅಂತೀವಿ, ಅವರು ದೇಶಕ್ಕೆ ಹೋಗ್ತೀನಿ ಅಂತಾರೆ. ಅವರ ಕಡೆಯ ಸೀಮೆಗೆಲ್ಲ ಬಾಂಗ್ಲಾ ಅಂತಲೇ ಹೆಸರು, ಮಾತಿಗೂ ಬಾಂಗ್ಲಾ. ಮೊರ್ಜಿನಾಳದು ಮುರ್ಷಿದಾಬಾದ್ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಭೈರಬ್ ಅಂತ ನದಿ, ಬಸ್ ಇಳಿದು ಅದನ್ನು ದೋಣಿಯಲ್ಲಿ ದಾಟಿದರೆ ಅವರ ಮನೆ. ಈ ಕಡೆ ದಡವೂ ಇಂಡಿಯಾ, ಆ ಕಡೆ ದಡವೂ ಇಂಡಿಯಾ. ಇದನ್ನೆಲ್ಲ ಶೆಡ್ಡಿನಲ್ಲಿ ಕೂತು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

"ಸಾರ್, ಅವರ್ ಮಾತಲ್ಲಿ ದೇಶ ಅಂದ್ರೆ ಊರು ಸಾರ್."

"ಕನ್ನಡದಲ್ಲಿ ದೇಶ ಅಂದ್ರೆ ಏನು?"

"ದೇಶ."

"ಅವ್ಳು ಯಾವ್ ಭಾಷೇಲಿ ಹೇಳಿದ್ಲು?"

"ಕನ್ನಡದಲ್ಲಿ."

"ಮತ್ತೆ? ಮುಚ್ಕೊಂಡ್ ಹೋಗು."

ಅವಳ ಜೊತೆ ಹಿಡಿದು ತಂದಿದ್ದ ಉಳಿದ ಬಂಗಾಲಿ ಹೆಂಗಸರು ಒಂದೇ ರಾಗ ಹಿಡಿದಿದ್ದರು, ಕನ್ನಡ ನಹೀ ಆತಾ ಸಾಬ್, ಕನ್ನಡ ನಹೀ ಆತಾ. ಅದಕ್ಕೆ ಸಿಕ್ಕಾಪಟ್ಟೆ ಬೈಸಿಕೊಂಡರು. ಕೆನ್ನೆಗೂ ಬಿತ್ತು. ಆದರೆ ಭಾಷೆ ಬರಲ್ಲ ಅಂದಮೇಲೆ ಬರೆದುಕೊಳ್ಳೋದು ಹೇಗೆ? ಇಂದಿರಾನಗರದ ಯಾವುದೋ ಅಪಾರ್ಟ್‌ಮೆಂಟಿನಿಂದ ಒಬ್ಬ ಬಂಗಾಲಿ ಇಂಜಿನಿಯರನ್ನು ಕರೆಸಿದರು. ಪುಣ್ಯಾತ್ಮ ಮಧ್ಯಾಹ್ನ ಪೂರ್ತಿ ಕೂತು, ದೇಶ ಅಂದರೆ ಹಳ್ಳಿ ಸಾರ್, ಇವರದು ನದಿಯಾ ಜಿಲ್ಲೆ ಸಾರ್, ಅಂತ ಒಬ್ಬೊಬ್ಬರದೂ ಬಿಡಿಸಿ ಹೇಳಿದ. ಸಂಜೆಗೆ ಅವರನ್ನೆಲ್ಲ ಮನೆಗೆ ಕಳಿಸಿದರು. ಮೊರ್ಜಿನಾಳದೂ ನೋಡ್ತೀನಿ ಅಂದನಂತೆ. ಬೇಡ ಸಾರ್, ಅವ್ಳಿಗೆ ಟ್ರಾನ್ಸ್‌ಲೇಟರ್ ಬೇಕಾಗಿಲ್ಲ, ಅವ್ಳಿಗೆ ಕನ್ನಡ ಬರುತ್ತೆ, ಅಂದರಂತೆ.

ಬೈಗುಳ ತಿಂದವರು ಮನೆಗೆ ಹೋದರು. ಕನ್ನಡದಲ್ಲಿ ಉತ್ತರ ಕೊಟ್ಟು ಭೇಷ್ ಅನ್ನಿಸಿಕೊಂಡವಳನ್ನು ಊರಾಚೆಯ ವಿದೇಶಿಯರ ಕೇಂದ್ರಕ್ಕೆ ಕಳಿಸಿದರು. ಕೇಂದ್ರ ಅಂದರೆ ಜೈಲಲ್ಲ. ಬಾಗಿಲಿಗೆ ಹೊರಗಿಂದ ಬೀಗ ಇರುತ್ತೆ ಅಷ್ಟೇ. ಅಲ್ಲಿಂದ ರೈಲಿನಲ್ಲಿ ಗಡಿಯ ತನಕ ಕರಕೊಂಡು ಹೋಗಿ ಆ ಕಡೆಗೆ ತಳ್ಳಿಬಿಡುತ್ತಾರೆ. ಆ ಕಡೆ ಮೊರ್ಜಿನಾಗೆ ಒಂದು ನಾಯಿಯ ಗುರುತೂ ಇಲ್ಲ. ಮಗಳು ಈ ಕಡೆ ಒಂಬತ್ತನೇ ಕ್ಲಾಸು ಓದುತ್ತಿದ್ದಾಳೆ.

*

ಮೊರ್ಜಿನಾ ಕನ್ನಡ ಕಲಿತಿದ್ದು ನಮ್ಮ ಶೆಡ್ಡಿನಲ್ಲೇ. ನನ್ನ ಮನೆಯಲ್ಲಿ ದಖ್ನಿ, ಪುಷ್ಪಮೇರಿ ಮನೆಯಲ್ಲಿ ತಮಿಳು, ಅವಳ ಗುಡಿಸಲಲ್ಲಿ ಬಂಗಾಲಿ. ಮೂವರ ಮನೆಯಲ್ಲೂ ಇಲ್ಲದ ಕನ್ನಡ ನಮ್ಮ ಮೂವರ ನಡುವೆ ಮಾತ್ರ ಇತ್ತು. ಕಸದ ರಾಶಿ ಮುಂದೆ ಕೂತು ಅದರಲ್ಲೇ ಜಗಳ, ಅದರಲ್ಲೇ ಗಾಸಿಪ್ಪು. ಮೊದಲು ಅವಳು ಕಲಿತಿದ್ದು ಬೈಗುಳ. ಸ ಅನ್ನೋಕೆ ಅವಳಿಗೆ ಶ ಬರುತ್ತೆ. ಲಾರಿ ಡ್ರೈವರಿಗೆ "ಶೂಳೆಮಗನೇ" ಅಂತ ಅವಳು ಅಂದಾಗ ಡ್ರೈವರೇ ನಕ್ಕುಬಿಟ್ಟಿದ್ದ. ಆಮೇಲೆ ಮಾತು, ಆಮೇಲೆ ಬೋರ್ಡು ಓದೋದು. ಬಸ್ಸಿನಲ್ಲಿ ಕೂತರೆ ಅಂಗಡಿ ಹೆಸರೆಲ್ಲ ಗಟ್ಟಿಯಾಗಿ ಓದುತ್ತಾ ಬರೋಳು. ನಂಗೆ ನಾಚಿಕೆ ಆಗೋದು.

ಆದರೆ ಆ ಕೀರ್ತಿ ಹೋಗಿದ್ದು ಮುನಿಆಂಜನಪ್ಪನವರಿಗೆ. ಬಂಗಾಲಿಗಳ ಗುಡಿಸಲಿರೋ ಜಾಗ ಅವರದು. ಒಂದು ಕಾಲಕ್ಕೆ ಅಲ್ಲಿ ರಾಗಿ ಬೆಳೀತಿದ್ದರು, ಈಗ ಬಾಡಿಗೆ ಬೆಳೀತಾರೆ. "ನನ್ ಜಾಗದಲ್ಲಿ ಇರ್ಬೇಕು ಅಂದ್ರೆ ಕನ್ನಡ ಕಲೀಬೇಕು," ಅನ್ನೋದು ಅವರ ಕಾನೂನು. ನವೆಂಬರ್ ತಿಂಗಳ ಫಂಕ್ಷನ್ನಿನಲ್ಲಿ ಮೊರ್ಜಿನಾಳನ್ನು ಸ್ಟೇಜಿಗೆ ಹತ್ತಿಸಿ, ಕೆಂಪು ಹಳದಿ ಶಾಲು ಹೊದಿಸಿ, ಮೈಕಿನಲ್ಲಿ "ಈ ಬಂಗಾಲಿ ತಂಗಿಗೆ ಕನ್ನಡ ಕಲಿಸಿದ್ದು ನಾನು" ಅಂದಿದ್ದರು. ಮೊರ್ಜಿನಾ ನಮಸ್ಕಾರ ಅಂದಳು, ಜನ ಶಿಳ್ಳೆ ಹೊಡೆದರು. ಇವರು ಬಂದು ಒಂದು ಮಾತು ಹೇಳಿದರೆ ಸ್ಟೇಷನ್ನಿನವರು ಕೇಳ್ತಾರೆ ಅಂತ ನಾವು ಭಾನುವಾರ ಅವರ ಮನೆಗೆ ಹೋದೆವು.

ಗೇಟಿನೊಳಗೆ ಬಿಡಲಿಲ್ಲ. ಅವರ ಹೆಂಡತಿ ಆಂಜನಮ್ಮ ಬಾಲ್ಕನಿಯಿಂದ ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಇವರು ಪಂಚೆ ಮೇಲೆತ್ತಿ ಕಟ್ಟಿಕೊಂಡು ಬಂದು ಗ್ರಿಲ್ಲಿನ ಆಚೆಯೇ ನಿಂತರು.

"ಅಣ್ಣಾ, ಮೊರ್ಜಿನಾಗೆ ಹಿಂಗಾಗಿದೆ. ನೀವೊಂದ್ ಮಾತು..."

"ಯಾವ್ ಮೊರ್ಜಿನಾ?"

"ನೀವೇ ಶಾಲು ಹೊದಿಸಿದ್ರಲ್ಲಣ್ಣ."

"ಶಾಲು ನಾನು ವರ್ಷಕ್ ನಲ್ವತ್ ಜನಕ್ ಹೊದಿಸ್ತೀನಿ. ಎಲ್ರ ಜಾತ್ಕ ಇಟ್ಕೊಂಡಿರಕಾಯ್ತದಾ?" ದನಿ ತಗ್ಗಿಸಿದರು. "ನೋಡಮ್ಮಾ, ಸ್ಟೇಷನ್ನಿಂದ ನಂಗೂ ಫೋನ್ ಬಂದಿತ್ತು. ಅವ್ಳು ಯಾರೋ ಏನೋ, ನಂಗೊತ್ತಿಲ್ಲ, ನನ್ ಜಾಗದಲ್ಲಿ ಇರ್ಲೇ ಇಲ್ಲ ಅಂತ ಹೇಳ್ಬಿಟ್ಟಿದೀನಿ. ನಾಳೆ ನನ್ ಜಾಗದ್ ಮೇಲೇ ಬರ್ತಾರೆ. ಬೇಕಾ ನಂಗೆ?"

"ಅಲ್ಲಣ್ಣಾ, ಏಳ್ ವರ್ಷ ನಿಮ್ಗೇ ಬಾಡಿಗೆ..."

"ಏಯ್, ಬೀದೀಲಿ ನಿಂತು ಬಾಡಿಗೆ ಗೀಡಿಗೆ ಅಂತ ಬಾಯ್ ಮಾಡ್ಬೇಡ." ತಿರುಗಿ ಹೊರಟವರು ಏನೋ ನೆನಪಾಗಿ ನಿಂತರು. "ಹೆಂಗೂ ಬಂದಿದೀರಲ್ಲ, ಆ ಮೂಲೇಲಿ ಎರಡ್ ಮೂಟೆ ಇದೆ ನೋಡಿ. ಮೊಮ್ಮಗನ್ ಬರ್ತ್‌ಡೇದು. ಕಸದ್ ಗಾಡಿಯೋನು ಬಂದಿಲ್ಲ. ತಗೊಂಡ್ ಹೋಗಿ."

ಪುಷ್ಪಮೇರಿ ನನ್ನ ಮುಖ ನೋಡಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮೂಟೆ ಎತ್ತಿಕೊಂಡೆವು. ಯಾಕೆ ಅಂತ ಕೇಳಬೇಡಿ. ಇಷ್ಟು ವರ್ಷ ಎತ್ತಿದ ಕೈ, ಎತ್ತು ಅಂದ ತಕ್ಷಣ ಎತ್ತಿಬಿಡುತ್ತೆ. ಬೀದಿ ತಿರುವಿನಲ್ಲಿ ಪುಷ್ಪಮೇರಿ ಮೂಟೆ ಇಳಿಸಿ, ತಮಿಳಿನಲ್ಲಿ ಅವನ ವಂಶಕ್ಕೆಲ್ಲ ಬೈದು, ಮತ್ತೆ ಎತ್ತಿಕೊಂಡಳು.

ನಮ್ಮ ಜನ ಏನು ಕಮ್ಮಿ ಅಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ ಇಟ್ಟಿರೋ ಅಹ್ಮದ್ ಪಾಷಾ ನಮ್ಮ ಗಲ್ಲಿಯ ದೊಡ್ಡ ಮನುಷ್ಯರು. ನಾನು ಹೋಗಿ ಹೇಳಿದಾಗ ಬಹಳ ನೊಂದುಕೊಂಡರು, ಚಾ ತರಿಸಿದರು. "ಜುಲುಮ್ ಹೈ ಆಪಾ, ಸರಾಸರ್ ಜುಲುಮ್," ಅಂದರು. ಒಂದು ಕಂಬಳಿ, ಎರಡು ನೈಟಿ ಕಟ್ಟಿಕೊಟ್ಟರು. ನೀವೂ ಒಂದು ಸಲ ಸ್ಟೇಷನ್ನಿಗೆ ಬನ್ನಿ ಭಾಯಿಜಾನ್ ಅಂದಾಗ ಮಾತ್ರ ಕನ್ನಡಕ ತೆಗೆದು ಒರೆಸತೊಡಗಿದರು. "ಅವ್ರು ಬಂಗಾಲಿಗಳು ಆಪಾ. ನಮ್ಗೂ ಅವ್ರಿಗೂ ಏನ್ ಸಂಬಂಧ? ನಾವ್ ಹೋಗಿ ನಿಂತ್ರೆ, ಎಲ್ಲಾ ಒಂದೇ ಅಂತ ನಮ್ಮನ್ನೂ ಅದ್ರಲ್ಲೇ ಸೇರಿಸ್ತಾರೆ." ನಾನು ಎದ್ದು ಬಾಗಿಲಿಗೆ ಬಂದಾಗ ಹಿಂದಿನಿಂದ ಕೂಗಿ, ಕಂಬಳಿ ಯಾರು ಕೊಟ್ಟಿದ್ದು ಅಂತ ಹೇಳಬೇಡಿ ಅಂದರು.

ಕೊನೆಗೆ ನಮಗೆ ಸಿಕ್ಕಿದ್ದು ದಿವ್ಯ. ಹಲಸೂರಿನ ಹುಡುಗಿ, ಲಾಯರು. ಶನಿವಾರ ಶನಿವಾರ ಮರ್ಫಿ ಟೌನಿನ ಚರ್ಚಿನ ಹಿಂದೆ ಒಂದು ಮೇಜು ಹಾಕಿಕೊಂಡು ಕೂರುತ್ತಾಳೆ. ಗಂಡ ಹೊಡೆದಿದ್ದು, ರೇಷನ್ ನಿಂತಿದ್ದು, ಪೊಲೀಸರು ಗಾಡಿ ಎತ್ತಿಕೊಂಡು ಹೋಗಿದ್ದು ಎಲ್ಲ ಅಲ್ಲಿಗೇ ಬರುತ್ತೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ಆಂಟಿ, ಮತ್ತೊಂದ್ ಸಲ ಹೇಳಿ. ಉಳಿದೋರಿಗೆಲ್ಲ ಟ್ರಾನ್ಸ್‌ಲೇಟರ್ ಕೊಟ್ರು, ಇವ್ರಿಗ್ ಮಾತ್ರ ಕೊಡ್ಲಿಲ್ಲ, ಯಾಕಂದ್ರೆ ಇವ್ರಿಗೆ ಕನ್ನಡ ಬರುತ್ತೆ?" ಅಂದಳು.

"ಹೂಂ."

"ನಾನ್ ಪ್ರಾಕ್ಟೀಸ್ ಶುರು ಮಾಡ್ದಾಗಿಂದ ಇಂಥಾದ್ ಕೇಳಿಲ್ಲ," ಅಂದಳು. ಆಮೇಲೆ ಒಂದು ಕೆಟ್ಟ ಇಂಗ್ಲಿಷ್ ಮಾತು ಬೈದು, ಚರ್ಚಿನ ಕಡೆ ನೋಡಿ, ಸಾರಿ ಅಂದಳು.

ಅವಳು ಮೊರ್ಜಿನಾಳ ಊರಿನ ಪಂಚಾಯ್ತಿ ಪ್ರಧಾನನನ್ನು ಫೋನಿನಲ್ಲಿ ಹಿಡಿದಳು. ಆ ಮನುಷ್ಯ ಒಳ್ಳೆಯವನು, ಆವತ್ತೇ ಸ್ಟೇಷನ್ನಿಗೆ ಫೋನ್ ಮಾಡಿ, ಅವಳು ನಮ್ಮೂರ ಹೆಣ್ಣು, ಅವಳಪ್ಪನನ್ನು ಮಣ್ಣು ಮಾಡುವಾಗ ನಾನೇ ಇದ್ದೆ ಅಂತ ಹೇಳಿದನಂತೆ. ಹೇಳಿದ್ದು ಬಂಗಾಲಿಯಲ್ಲಿ. ಸ್ಟೇಷನ್ನಿನವರು ಅದನ್ನೂ ಕೇಸಿಗೆ ಸೇರಿಸಿಕೊಂಡರು. ಆರೋಪಿಯ ಪರವಾಗಿ ಬಾಂಗ್ಲಾದೇಶದಿಂದ ಫೋನ್ ಬಂದಿದೆ ಅಂತ.

*

ಕೇಂದ್ರಕ್ಕೆ ನಾನೂ ಪುಷ್ಪಮೇರಿಯೂ ಪಾಳಿ ಹಾಕಿಕೊಂಡು ಹೋಗುತ್ತಿದ್ದೆವು. ಕೆ.ಆರ್. ಪುರದಲ್ಲಿ ಬಸ್ ಬದಲಾಯಿಸಿ ಇನ್ನೂ ಆಚೆ ಹೋಗಬೇಕು. ಶೆಡ್ಡಿನ ಹೆಂಗಸರು ಒಬ್ಬರು ಚಪಾತಿ, ಒಬ್ಬರು ಮೀನು ಕಳಿಸೋರು. ಮೊದಲ ಸಲ ಹೋದಾಗ ಜಾಲರಿಯ ಆಚೆ ಅತ್ತುಕೊಂಡು ಕೂತಿರ್ತಾಳೆ ಅಂದುಕೊಂಡಿದ್ದೆ. ಬಂದವಳು ತಲೆ ಬಾಚಿಕೊಂಡು ಗಂಭೀರವಾಗಿದ್ದಳು.

"ಆಪಾ, ನಂಗೆ ಇಲ್ಲಿ ಚೇರ್ ಕೊಟ್ಟಿದಾರೆ," ಅಂದಳು.

"ಯಾಕೇ?"

"ನಾನು ಟ್ರಾನ್ಶ್‌ಲೇಟರ್."

ತಮಾಷೆ ಮಾಡ್ತಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಒಳಗಿಂದ ಮೇಟ್ರನ್ ಕೂಗಿದಳು, "ಏ ಮೊರ್ಜಿನಾ, ಬಾರೇ ಬೇಗ. ಈ ಲೌಡಿ ಏನೋ ಬಡ್ಕೋತಾವ್ಳೆ, ಏನಂತ ಕೇಳು." ಮೊರ್ಜಿನಾ ಎದ್ದು ಹೋದಳು, ಸ್ವಲ್ಪ ಹೊತ್ತಿನ ಮೇಲೆ ಬಂದಳು.

ಆಗಿದ್ದಿಷ್ಟು. ಬೇರೆ ಬೇರೆ ಸ್ಟೇಷನ್ನುಗಳಿಂದ ದಿನಾ ಬಂಗಾಲಿಗಳನ್ನು ತಂದು ಅಲ್ಲಿಗೆ ಸುರಿಯುತ್ತಿದ್ದರು. ಯಾರಿಗೂ ಕನ್ನಡ ಬರಲ್ಲ, ಇಂಜಿನಿಯರು ದಿನಾ ಬರಲ್ಲ. ಬಂಗಾಲಿ ಮತ್ತು ಕನ್ನಡ ಎರಡೂ ಬರೋಳು ಕೇಂದ್ರದಲ್ಲಿ ಒಬ್ಬಳೇ ಇದ್ದಳು. ಅವಳನ್ನೇ ಕೂರಿಸಿಕೊಂಡು ಹೇಳಿಕೆ ಬರೆಸುತ್ತಿದ್ದರು.

"ಅವ್ರು ದೇಶ್ ಅಂದ್ರೆ ನಾನು ಊರು ಅಂತ ಹೇಳ್ತೀನಿ ಆಪಾ. ಬಾಂಗ್ಲಾ ಅಂದ್ರೆ ಪಶ್ಚಿಮ ಬಂಗಾಳ ಅಂತೀನಿ. ನದಿ ದಾಟಿದ್ದೆ ಅಂದ್ರೆ, ಯಾವ್ ನದಿ, ಯಾವ್ ಜಿಲ್ಲೆ ಅಂತ ಕೇಳಿ ಹೇಳ್ತೀನಿ. ಇಲ್ಲಿಯ ಶಾಹೇಬ್ರು ಶರಿ ಅಂತ ಬರ್ಕೋತಾರೆ. ಅವ್ರೆಲ್ಲ ಮನೆಗ್ ಹೋಗ್ತಾರೆ."

"ಎಷ್ಟ್ ಜನ ಹೋದ್ರು?"

"ತುಂಬಾ ಜನ."

"ಮತ್ತೆ ನೀನು?"

"ನಂದು ಆಗ್ಲೇ ಬರ್ದಾಗಿದೆಯಲ್ಲ." ಬೇರೆ ಯಾರದೋ ವಿಷಯ ಅನ್ನೋ ಹಾಗೆ ಹೇಳಿದಳು. ಆಮೇಲೆ ಜಾಲರಿಗೆ ಹಣೆ ಒತ್ತಿ ಅತ್ತಳು. ನಾನೂ ಅತ್ತೆ. ಜಾಲರಿಯ ತೂತಿನಲ್ಲಿ ಒಂದು ಬೆರಳು ಮಾತ್ರ ತೂರುತ್ತಿತ್ತು, ಅದನ್ನೇ ಹಿಡಿದುಕೊಂಡೆ.

ಇದನ್ನು ದಿವ್ಯಾಗೆ ಹೇಳಿದೆ. ಅವಳು ಸೀದಾ ಹೈಕೋರ್ಟಿಗೆ ಹೋದಳು. ಮೊರ್ಜಿನಾಳನ್ನು ಗಡಿಗೆ ಕಳಿಸೋ ದಿನ ಆಗಲೇ ನಿಗದಿಯಾಗಿತ್ತು. ಓಡಾಡಿ, ಕಾದು, ಕೂಗಾಡಿ, ಕೊನೆಗೆ ಒಂದು ಆದೇಶ ತಂದಳು. ಕಳಿಸುವ ಮುಂಚೆ ಆಕೆಗೆ ತಿಳಿಯುವ ಭಾಷೆಯಲ್ಲಿ ಇನ್ನೊಂದು ಸಲ ವಿಚಾರಣೆ ಮಾಡಿ, ಅಂತ ಅದರಲ್ಲಿತ್ತು. ನಾವು ಗೆದ್ದೆವು ಅಂತ ಪುಷ್ಪಮೇರಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದಳು. ದಿವ್ಯ ಮಾತ್ರ ಉಗುರು ಕಚ್ಚುತ್ತಿದ್ದಳು. "ತಿಳಿಯುವ ಭಾಷೆ ಅಂತಿದೆ ಆಂಟಿ. ಮಾತೃಭಾಷೆ ಅಂತಿಲ್ಲ," ಅಂದಳು.

*

ವಿಚಾರಣೆ ನಡೆದದ್ದು ಕಳಿಸಬೇಕಾಗಿದ್ದ ದಿನವೇ, ಕೇಂದ್ರದ ಊಟದ ಹಾಲಿನಲ್ಲಿ. ಹೊರಗೆ ವ್ಯಾನು ರೆಡಿಯಾಗಿ ನಿಂತಿತ್ತು. ದೊಡ್ಡ ಕಚೇರಿಯ ಸಾಹೇಬರು ಬಂದಿದ್ದರು, ಸ್ಟೇಷನ್ನಿನ ರೈಟರೂ ಬಂದಿದ್ದ. ಆವತ್ತು ಬೆಳಿಗ್ಗೆಯೇ ಹಿಡಿದು ತಂದಿದ್ದ ಹೊಸ ಬಂಗಾಲಿ ಹೆಂಗಸರು ಗೋಡೆ ಪಕ್ಕ ನೆಲದ ಮೇಲೆ ಕೂತಿದ್ದರು. ಮೊರ್ಜಿನಾಳ ವಿಚಾರಣೆ ಮುಗಿದಮೇಲೆ, ವ್ಯಾನು ಹೊರಡುವ ಮುಂಚೆ, ಅವಳಿಂದಲೇ ಅವರದೆಲ್ಲ ಹೇಳಿಸಿ ಬರೆದುಕೊಂಡು ಬಿಡೋಣ ಅಂತ ಮೇಟ್ರನ್ ಲೆಕ್ಕ ಹಾಕಿದ್ದಳು. ನನ್ನನ್ನೂ ಪುಷ್ಪಮೇರಿಯನ್ನೂ ಬಾಗಿಲ ಹತ್ತಿರ ನಿಲ್ಲೋಕೆ ಬಿಟ್ಟರು.

ಸಾಹೇಬರು ಬಹಳ ಮರ್ಯಾದಸ್ಥರು. ಒಂದು ಬೈಗುಳ ಇಲ್ಲ.

"ಬಾಮ್ಮ, ಕೂತ್ಕೋ. ಬಹಳ ಚೆನ್ನಾಗಿ ಕನ್ನಡ ಮಾತಾಡ್ತೀಯಂತೆ. ಈ ಊರಲ್ಲಿ ಹುಟ್ಟಿದೋರೇ ಕಲಿಯಲ್ಲ. ನಿನ್ನ ನೋಡಿ ನಂಗೆ ಹೆಮ್ಮೆ ಆಯ್ತು." ಕಾಗದ ತಿರುಗಿಸಿದರು. "ಇದನ್ನ ಓದ್ತೀನಿ. ನೀನೇ ಹೇಳಿದ್ದಾ, ಅಲ್ವಾ, ಅಷ್ಟು ಹೇಳು ಸಾಕು."

ದಿವ್ಯ ಎದ್ದು ನಿಂತಳು. "ಸರ್, ಬಂಗಾಲಿ ಇಂಟರ್‌ಪ್ರಿಟರ್ ಬೇಕು. ಇದರಲ್ಲಿರೋ ಒಂದು ಪದ..."

"ಮೇಡಂ, ಕೋರ್ಟ್ ಹೇಳಿರೋದು ಆಕೆಗೆ ತಿಳಿಯುವ ಭಾಷೆ ಅಂತ. ನಿಮ್ಮ ಕಕ್ಷಿದಾರರಿಗೆ ಕನ್ನಡ ತಿಳಿಯುತ್ತೆ. ಕನ್ನಡ ನಾಡಲ್ಲಿ ಕನ್ನಡದಲ್ಲಿ ವಿಚಾರಣೆ ಮಾಡಿದ್ರೆ ತಪ್ಪಾ? ಏನಮ್ಮಾ, ತಪ್ಪಾ?"

ಸಾಹೇಬರು ನಿಧಾನವಾಗಿ, ಮಕ್ಕಳಿಗೆ ಓದುವ ಹಾಗೆ ಓದಿದರು. ನಿನ್ನ ದೇಶ ಯಾವುದು, ಬಾಂಗ್ಲಾ. ದೋಣಿಯಲ್ಲಿ ನದಿ ದಾಟಿದೆ. ಎಲ್ಲರೂ ಹಾಗೇ ದಾಟ್ತಾರೆ. ಓದಿ ಮುಗಿಸಿ ತಲೆ ಎತ್ತಿದರು.

"ಹೇಳು. ಇದು ನಿನ್ನ ಮಾತೇ ತಾನೇ?"

ಹೌದು ಅಂದರೆ ವ್ಯಾನು. ಇಲ್ಲ ಅಂದರೆ, ಸುಳ್ಳು ಹೇಳ್ತಾಳೆ ಅಂತ ಬರೆದುಕೊಂಡು ಮತ್ತೆ ಅದೇ ವ್ಯಾನು. ಮೊರ್ಜಿನಾ ಒಂ‍ದು ಸಲ ಗೋಡೆ ಪಕ್ಕ ಕೂತವರನ್ನು ನೋಡಿದಳು. ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಸಾಹೇಬರ ಕಡೆ ತಿರುಗಿ, ಬಹಳ ವಿನಯವಾಗಿ ಹೇಳಿದಳು.

"ಕೀ ಬೊಲ್ಛೇನ್ ಶಾರ್? ಆಮಿ ಕಿಛು ಬುಝಿ ನಾ."

ಅವಳ ಪಕ್ಕ ಇಷ್ಟು ವರ್ಷ ಕೂತ ನನಗೆ ಅಷ್ಟು ಬಂಗಾಲಿ ಬರುತ್ತೆ. ಏನು ಹೇಳ್ತಿದ್ದೀರಿ ಸಾರ್, ನನಗೆ ಏನೂ ಅರ್ಥವಾಗ್ತಿಲ್ಲ.

"ಏನು?" ಅಂದರು ಸಾಹೇಬರು.

"ಬುಝಿ ನಾ ಶಾರ್."

"ನಾಟ್ಕ ಆಡ್ತಾವ್ಳೆ ಸಾರ್ ಹಾದರಗಿತ್ತಿ," ಅಂತ ರೈಟರ್ ಮೇಲೆದ್ದ. "ನನ್ನೆದುರಿಗೆ ಗಿಣಿ ಹಂಗ್ ಮಾತಾಡಿದ್ಲು. ಏಯ್, ಕನ್ನಡ ಮಾತಾಡೇ." ಅವಳ ಅಮ್ಮನನ್ನು ಹಿಡಿದು ಬೈದ, ಅವಳ ಮಗಳನ್ನು ಹಿಡಿದು ಬೈದ. ನಾವೇ ಅವಳಿಗೆ ಕಲಿಸಿದ್ದ ಬೈಗುಳಗಳು ಅವು, ಒಂದೊಂದರ ಅರ್ಥವೂ ಅವಳಿಗೆ ಗೊತ್ತು. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಮಗಳ ಮಾತು ಬಂದಾಗ ಮಾತ್ರ ಮೇಜಿನ ಕೆಳಗೆ ಅವಳ ಕಾಲಿನ ಹೆಬ್ಬೆರಳು ನೆಲ ಒತ್ತಿ ಹಿಡಿದಿದ್ದನ್ನು ನಾನು ಕಂಡೆ.

"ಹೇಳಿಕೆ ಬರೆದೋರನ್ನ ಬಿಟ್ಟು, ಈಕೆಗೆ ಕನ್ನಡ ಬರುತ್ತೆ ಅಂತ ಹೇಳೋರು ಯಾರಿದ್ದಾರೆ?" ಸಾಹೇಬರು ಮೇಟ್ರನ್ ಕಡೆ ನೋಡಿದರು.

"ಸಾರ್, ನೆನ್ನೆ ಸಾಯಂಕಾಲದ್ ತನ್ಕ ಇವ್ಳೇ..." ಅಂತ ಮೇಟ್ರನ್ ಬಾಯಿ ತೆಗೆದಳು.

"ಹೇಳಿ ಮೇಡಂ," ಅಂದಳು ದಿವ್ಯ. "ಪೂರ್ತಿ ಹೇಳಿ, ಬರ್ಕೊಳ್ಳಲಿ. ನೀವು ಬಾಂಗ್ಲಾದೇಶಿ ಅಂತ ಹಿಡಿದಿಟ್ಟಿರೋ ಹೆಂಗಸನ್ನೇ ಕೂರಿಸ್ಕೊಂಡು, ಅವಳ ಬಾಯಿಂದಲೇ ಬೇರೆಯೋರ ಹೇಳಿಕೆ ಬರೆಸಿ, ಅದ್ರ ಮೇಲೆ ಅಷ್ಟ್ ಜನಾನ ಬಿಟ್ ಕಳಿಸಿದೀರ ಅಂತ. ನಾನೇ ಕೋರ್ಟಿಗೆ ಕೊಡ್ತೀನಿ."

ಮೇಟ್ರನ್ ಬಾಯಿ ತೆಗೆದಷ್ಟೇ ಬೇಗ ಮುಚ್ಚಿದಳು. ಸಾಹೇಬರು ಅವಳನ್ನು ನೋಡಿದ ನೋಟ ಇತ್ತಲ್ಲ, ಅಬ್ಬಾ, ಅದಕ್ಕೆ ನಾನು ನೂರು ಸಲ ಬಸ್ ಬದಲಾಯಿಸಿ ಬರೋಳು. ಆ ಹೇಳಿಕೆಗಳು ದೊಡ್ಡ ಕಚೇರಿಗೆ ಹೋದಾಗ ಕೆಳಗೆ ರುಜು ಹಾಕಿದ್ದು ಸಾಹೇಬರೇ.

"ಸಾರ್, ಮುನಿಆಂಜನಪ್ಪನವ್ರು ಇದಾರೆ," ಅಂದ ರೈಟರ್. "ಕನ್ನಡ ಕಲಿಸಿದ್ದೇ ಅವ್ರಂತೆ. ಫೋನ್ ಮಾಡ್ತೀನಿ." ಮಾಡಿದ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಆ ದೊಡ್ಡ ಮನುಷ್ಯನ ದನಿ ಹಾಲಿನ ತುಂಬ ಬಂತು. "ಯಾವ್ ಮೊರ್ಜಿನಾ ಸ್ವಾಮಿ? ಆವತ್ತೇ ಹೇಳಿದ್ನಲ್ಲ, ಆ ಹೆಸರಿನೋಳು ನಂಗೊತ್ತೇ ಇಲ್ಲ. ಬಂಗಾಲಿಗಳ್ ಜೊತೆ ನಾನ್ ಯಾಕ್ ಮಾತಾಡ್ಲಿ? ನಮ್ಗೂ ಒಂದ್ ಮರ್ಯಾದೆ ಇದೆ." ಪುಷ್ಪಮೇರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಅಳ್ತಿದ್ದಾಳೆ ಅಂದುಕೊಂಡು ಒಬ್ಬ ಪೇದೆ ಅವಳಿಗೆ ನೀರು ಕೊಟ್ಟನಂತೆ.

ಸಾಹೇಬರು ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. ಕೊನೆಗೆ ಬರೆಸಿದರು. ಸದರಿ ಮಹಿಳೆಗೆ ಕನ್ನಡ ತಿಳಿಯದ ಕಾರಣ, ಬಂಗಾಲಿ ಬಲ್ಲ ಅಧಿಕೃತ ಭಾಷಾಂತರಕಾರರು ದೊರೆಯುವವರೆಗೆ ವಿಚಾರಣೆಯನ್ನು ಮುಂದೂಡಲಾಗಿದೆ.

ವ್ಯಾನು ಖಾಲಿ ಹೋಯಿತು. ಆದರೆ ಬೀಗ ತೆಗೆಯಲಿಲ್ಲ. ಅಧಿಕೃತ ಭಾಷಾಂತರಕಾರರು ಯಾವಾಗ ಬರ್ತಾರೆ ಅಂತ ದಿವ್ಯ ಕೇಳಿದಾಗ, ಅದು ಮೇಲಿನಿಂದ ಬರಬೇಕು, ಅಂದರು ಸಾಹೇಬರು.

ಗೋಡೆ ಪಕ್ಕ ಕೂತಿದ್ದವರ ಪಾಡು ಇನ್ನೂ ಕೆಟ್ಟಿತು. ಅವರ ಮಾತು ಹೇಳೋರು ಈಗ ಯಾರೂ ಇರಲಿಲ್ಲ. ಅವರಲ್ಲಿ ಎಳೇ ಪ್ರಾಯದ ಒಬ್ಬಳು ಮೊರ್ಜಿನಾಳ ಸೀರೆ ಹಿಡಿದು ಜಗ್ಗಿ ಏನೇನೋ ಬೇಡಿಕೊಂಡಳು. ನೀನು ಹೇಳಿದರೆ ಬಿಡ್ತಾರಂತೆ ದೀದಿ, ಅಂದಿರಬೇಕು. ಮೊರ್ಜಿನಾ ಅವಳ ತಲೆ ಮೇಲೆ ಕೈ ಇಟ್ಟು ಬಂಗಾಲಿಯಲ್ಲಿ ಸಣ್ಣಗೆ ಏನೋ ಹೇಳಿದಳು. ಆ ಹುಡುಗಿ ಕೈ ಕೊಡವಿ, ಅವಳ ಕಡೆ ಬೆನ್ನು ಹಾಕಿ ಕೂತಳು. ಮೊರ್ಜಿನಾಳ ತುಟಿ ಅದುರಿತು. ಯಾರನ್ನು ಸರಿ ಅನ್ನಲಿ?

ಮೇಟ್ರನ್ನಿಗೆ ಸಾಹೇಬರ ಹತ್ತಿರ ಬೈಸಿಕೊಂಡ ಉರಿ ಇತ್ತು. ಚೇರು ತೆಗೆಸಿದಳು. ಊಟದ ಹೊತ್ತಾಗಿತ್ತು, ಎಲ್ಲರಿಗೂ ತಟ್ಟೆಗೆ ಅನ್ನ ಸಾರು ಹಾಕಿಸಿ, ಮೊರ್ಜಿನಾಳ ತಟ್ಟೆಯನ್ನು ಮಾತ್ರ ತನ್ನ ಕೈಯಲ್ಲೇ ಹಿಡಿದುಕೊಂಡು ಅವಳ ಮುಂದೆ ನಿಂತಳು.

"ಬೇಕಾ? ಬೇಕು ಅನ್ನು, ಕೊಡ್ತೀನಿ. ಬಾಯ್ತುಂಬ ಬೊಗಳ್ತಿದ್ದೆಯಲ್ಲ, ಒಂದೇ ಒಂದ್ ಪದ. ಬೇಕು. ಹೇಳು."

ಮೊರ್ಜಿನಾ ತಟ್ಟೆಯನ್ನು ನೋಡಿದಳು, ಮೇಟ್ರನ್ ಮುಖ ನೋಡಿದಳು. ಮೇಟ್ರನ್ ತಟ್ಟೆಯನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟು, ಕೈ ಕಟ್ಟಿ ನಿಂತಳು. ಅನ್ನದ ಮೇಲೆ ನೊಣ ಕೂತವು.

ನಮ್ಮ ಟೈಮು ಮುಗಿಯಿತು ಅಂತ ಪೇದೆ ಬಂದು ಹೊರಡಿಸಿದ. ನಾನು ಬಾಗಿಲು ದಾಟಬೇಕು, ಅಷ್ಟರಲ್ಲಿ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. ಶೆಡ್ಡಿನಲ್ಲಿ ದಿನಾ ಸಂಜೆ ಹೇಳೋ ಹಾಗೆಯೇ ಹೇಳಿಬಿಟ್ಟೆ.

"ಬರ್ತೀನಿ ಕಣೇ ಮೊರ್ಜಿನಾ. ಹುಷಾರು."

ಮೇಟ್ರನ್ ಸರಕ್ಕನೆ ತಿರುಗಿ ಅವಳ ಮುಖವನ್ನೇ ನೋಡಿದಳು. ಮೊರ್ಜಿನಾ ನನ್ನನ್ನು ನೋಡಿದಳು. ಬಸ್ ಸ್ಟಾಪಿನಲ್ಲಿ ಯಾರೋ ಅಪರಿಚಿತರು ದಾರಿ ಕೇಳಿದರೆ ನೋಡ್ತೀವಲ್ಲ, ಹಾಗೆ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತಿದ್ದ ಮುದುಕಿಯ ಕಡೆ ಬಾಗಿ, ಈ ಹೆಂಗಸು ಏನಂತಾಳೆ ಅಂತ ಬಂಗಾಲಿಯಲ್ಲಿ ಕೇಳಿದಳು.